ಸೋಮವಾರದ ಕಾವು

ಅಕ್ಟೋಬರ್ 27, ಸೋಮವಾರ

ಎಂಟರ ಬಸ್ಸು ತಪ್ಪಿತು. ಮುಂದಿನದರಲ್ಲಿ ದಾವಣಗೆರೆಯಿಂದ ಹರಿಹರದವರೆಗೆ ನಿಂತೇ ಬಂದೆ. ಫ್ರೀ ಟಿಕೆಟ್ಟಿಗೆ ಸೀಟು ಬೇರೆ ಬೇಕಾ ಅಂದ ಕಂಡಕ್ಟರ್. ಬೈದೆ. ಇಳಿಯುವವರೆಗೆ ನನ್ನ ಕಡೆ ನೋಡಲಿಲ್ಲ.

ಶೆಡ್ಡು ತೆಗೆದೆ. ಸೋಮವಾರದ ಮೊದಲ ಕೆಲಸ ಪೈಪು ಉಜ್ಜುವುದು. ಹೋದ ವಾರದ ವಿಭೂತಿ ಒಂದು ಚೂರೂ ಉಳಿಯಬಾರದು. ಹಳೆಯದರ ಮೇಲೆ ಹೊಸದು ಹಚ್ಚುವುದು ನಮ್ಮ ಸರ್ ತಾಯಿ ಕಸ್ತೂರಮ್ಮನವರಿಗೆ ಆಗದು. ಮುಖ ಕಾಣುವ ಹಾಗೆ ಉಜ್ಜಿದೆ. ಸ್ಟೀಲು ಪಳಪಳ.

ಹತ್ತಕ್ಕೆ ಅವರು ಪಿ.ಜೆ. ಬಡಾವಣೆಯಿಂದ ಮಗನ ಕಾರಿನಲ್ಲಿ ಬಂದರು. ವೀರೇಶ್ ಸರ್ ಡಿಕ್ಕಿಯಿಂದ ಹೂವಿನ ಬುಟ್ಟಿ ಇಳಿಸಿದರು. ಕಾಲೇಜಿನ ಲೆಕ್ಚರರ್ ಕೆಲಸ ಬಿಟ್ಟು ಅಪ್ಪನ ಹತ್ತಿ ಶೆಡ್ಡಿನಲ್ಲಿ ಈ ಪೈಪು ಕಟ್ಟಿಕೊಂಡು ಕೂತ ಮನುಷ್ಯ. ಅಮ್ಮನ ಮುಂದೆ ಮಾತ್ರ ಇನ್ನೂ ಬುಟ್ಟಿ ಹೊರುವ ಹುಡುಗ.

ಮೊದಲ ಕಾರ್ತಿಕ ಸೋಮವಾರ. ಪೈಪಿನ ನಡುಭಾಗಕ್ಕೆ ಕಸ್ತೂರಮ್ಮ ‘ಹಣೆ’ ಅನ್ನುತ್ತಾರೆ. ಅಲ್ಲಿಗೇ ಮೂರು ಬೆರಳಿನಿಂದ ದಪ್ಪಗೆ ವಿಭೂತಿ ಎಳೆದರು. ಕರ್ಪೂರ. ಕಾಯಿ. ಆಮೇಲೆ ನಾನು ಸ್ವಿಚ್ ಹಾಕಿದೆ.

ಪ್ಯಾನಲ್ಲಿನಲ್ಲಿ ನಾನೂರು ಡಿಗ್ರಿ ಇಟ್ಟೆ. ಹತ್ತಿತು, ನಿಂತಿತು. ಹೀಟರು ಎಳೆಯುವ ಕರೆಂಟಿನ ಮುಳ್ಳು ಮಾತ್ರ ಅರ್ಧಕ್ಕೂ ಕೆಳಗೆ, ಇಷ್ಟು ಎಂದೂ ಇಳಿದಿರಲಿಲ್ಲ! ಕರೆಂಟು ಅಷ್ಟು ಕಡಿಮೆ, ಆದರೂ ಕಾವು ನಾನೂರೇ. ಅಂದರೆ ಉಳಿದ ಕಾವು ಪೈಪು ತಾನೇ ಕೊಡುತ್ತಿದೆ. ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಕಸ್ತೂರಮ್ಮ, ‘ಕಾರ್ತಿಕ ಹತ್ತೈತೆ, ಶಿವ ಒಲಿದಾನ’ ಅಂದರು. ನಾವಿಬ್ಬರೂ ನಕ್ಕೆವು.

ನವೆಂಬರ್ 1, ಶನಿವಾರ

ರಾಜ್ಯೋತ್ಸವ. ಬಸ್‌ಸ್ಟ್ಯಾಂಡಿನಲ್ಲಿ ಬಾವುಟ, ಸ್ಪೀಕರ್. ಬಸ್ಸಿನಲ್ಲಿ ಸೈನ್ಸ್ ಮಾಸ್ತರ್ ಸಿಕ್ಕರು. ಒಂಬತ್ತನೇ ಕ್ಲಾಸಿನಲ್ಲಿ ‘ನೀನು ಕೇಳಿ ಏನ್ ಮಾಡ್ತೀ, ಕೂಡ್ರು’ ಅಂದವರು. ಅವತ್ತು ಕೂರಲಿಲ್ಲ. ಎದ್ದು ಹೊರಗೆ ಬಂದೆ. ಮತ್ತೆ ಹೋಗಲಿಲ್ಲ.

ಈಗೇನು ಮಾಡ್ತೀಯಮ್ಮ ಅಂತ ಕೇಳಿದರು. ಹೇಳಿದೆ. ಸ್ಟೀಲ್ ಪೈಪು, ಒಳಗೆ ನಿಕಲ್ ಪುಡಿ, ಹೈಡ್ರೋಜನ್ ಗ್ಯಾಸು. ಹೊರಗಿನಿಂದ ಕಾಯಿಸುತ್ತೇವೆ. ಕಾವು ಒಂದು ಹದಕ್ಕೆ ಬಂದರೆ ಒಳಗಿನ ಅಣುಗಳು ಬೆಸೆದುಕೊಂಡು ತಾವೇ ಬಿಸಿ ಕೊಡುತ್ತವೆ ಅಂತ ನಮ್ಮ ಸರ್ ಹೇಳುತ್ತಾರೆ. ಜಗತ್ತಿನಲ್ಲಿ ಬಹಳ ಜನ ನಂಬಲ್ಲ. ನಾವು ಮಾಡಿ ನೋಡುತ್ತಿದ್ದೇವೆ. ಆ ಕಾವು ಮೇಲೆ ಓಡದ ಹಾಗೆ, ಕೆಳಗೆ ಬೀಳದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ.

ಮಾಸ್ತರು ಸುತ್ತ ಕೂತವರಿಗೆ ಕೇಳುವ ಹಾಗೆ, ‘ಅಣುಬಾಂಬ್ ಮಾಡ್ತೀರೇನು ಹಂಗಾದ್ರ?’ ಅಂದರು.

‘ಬಾಂಬಿಗೆ ಹಿಡಿತ ಇರಲ್ಲ ಸರ್. ಇದಕ್ಕ ನಾನಿದೀನಿ’ ಅಂದೆ.

ಖುಷಿಯಾಗಿ ಇಳಿದೆ. ಆದರೆ ಶೆಡ್ಡಿನಲ್ಲಿ ಖುಷಿ ಇಲ್ಲ. ಮುಳ್ಳು ಮತ್ತೆ ಮೇಲೆ. ಹೀಟರು ಮುಕ್ಕಾಲಿನ ಹತ್ತಿರ ಎಳೆಯುತ್ತಿದೆ. ಸೋಮವಾರ ಕೊಡುತ್ತೆ, ಶನಿವಾರ ಕೊಡಲ್ಲ. ದಸರೆಯಿಂದ ಪ್ರತಿ ವಾರ ಹೀಗೇ. ನಿಕಲ್ ದಣಿಯುತ್ತೆ ಅನ್ನುತ್ತಾರೆ ಸರ್. ಭಾನುವಾರ ರಜೆ ಕೊಟ್ಟರೆ ಗ್ಯಾಸು ಕುಡಿದು ಮತ್ತೆ ಚೇತರಿಸಿಕೊಳ್ಳುತ್ತಂತೆ. ಇರಬಹುದು. ನಾನೂ ಹಾಗೇ.

ನವೆಂಬರ್ 10, ಸೋಮವಾರ

ಇವತ್ತು ಪೂಜೆಯ ಹೊತ್ತಿಗೆ ಶಿವಯೋಗಪ್ಪನವರು ಬಂದರು. ದಾವಣಗೆರೆಯ ರೈಸ್ ಮಿಲ್ ಸಾಹುಕಾರರು, ಸರ್ ಅವರ ತಂದೆಯ ಸ್ನೇಹಿತರು. ಬಿಳಿ ಪಂಚೆ ಮೇಲೆ ಒಂದು ಹನಿ ಎಣ್ಣೆ ಬಿದ್ದರೆ ಸಾಯುವವರ ಹಾಗೆ ನಿಂತಿದ್ದರು. ಮುಳ್ಳು ಅರ್ಧಕ್ಕೆ ಇಳಿದಿದ್ದನ್ನು ಕಣ್ಣಾರೆ ನೋಡಿದರು.

ಡಿಸೆಂಬರ್ ಒಂದಕ್ಕೆ ಡೆಮೊ. ಏಳುನೂರು ಡಿಗ್ರಿಗೆ ಓಡಿಸಿ ತೋರಿಸಬೇಕು. ಅಷ್ಟು ಕಾವು ತಡೆಯಲು ಪೈಪಿನ ತುದಿಗೆ ಗಟ್ಟಿ ಸೀಲು ತರಿಸುತ್ತಾರಂತೆ ಸರ್. ಮೆಚ್ಚಿದರೆ ಇಂಥ ಹತ್ತು ಪೈಪು ಅವರ ಮಿಲ್ಲಿನಲ್ಲಿ, ಭತ್ತ ಒಣಗಿಸುವ ಮನೆಯಲ್ಲಿ. ಹತ್ತಕ್ಕೂ ನಾನೇ. ಸರ್ ಬೋರ್ಡ್ ಬರೆಸುತ್ತಾರಂತೆ — ಚೌಡೇಶ್ವರಿ, ಕಂಟ್ರೋಲ್ ಇನ್‌ಚಾರ್ಜ್. ಮೂರು ಸಲ ಹೇಳಿಸಿಕೊಂಡೆ.

ಅವ್ವನಿಗೆ ಹೇಳಿದೆ. ಅವ್ವ ಅದೇ ಮಿಲ್ಲಿನಲ್ಲಿ, ಅದೇ ಒಣಗಿಸುವ ಮನೆಯಲ್ಲಿ ಭತ್ತ ತಿರುವುತ್ತಾಳೆ. ‘ನಿನ್ ಪೈಪಿನ ಬಾಜೂಕ ನಾನು ನಿಂತಿರ್ತೀನಿ ಅನ್ನು’ ಅಂದಳು. ಸಿಡಿಯಲ್ವೇನೇ ಅಂತ ಆಮೇಲೆ ಕೇಳಿದಳು. ನಾನಿರುತ್ತೇನಲ್ಲ ಅಂದೆ.

ನವೆಂಬರ್ 20, ಗುರುವಾರ

ಅಮಾವಾಸ್ಯೆ. ಕಸ್ತೂರಮ್ಮ ಉಕ್ಕಡಗಾತ್ರಿಗೆ ಹೋದರು. ಡೆಮೊ ಚೆನ್ನಾಗಿ ಆಗಲಿ ಅಂತ ಅಲ್ಲಿನ ಗದ್ದುಗೆಯ ಅಜ್ಜಯ್ಯನಿಗೆ ಹರಕೆ. ಹೊಳೆಯಲ್ಲಿ ಮಿಂದು ಒಂದು ವಾರ ಅಲ್ಲೇ ಇರುತ್ತಾರಂತೆ. ಹೋಗುವಾಗ ನನ್ನ ಕೈಗೆ ವಿಭೂತಿ ಗಟ್ಟಿ ಕೊಟ್ಟು, ಸೋಮವಾರ ಮರೀಬ್ಯಾಡ ಅಂದರು.

ನವೆಂಬರ್ 24, ಸೋಮವಾರ

ಮರೆಯಲಿಲ್ಲ. ಹಚ್ಚಲಿಲ್ಲ. ನನಗ್ಯಾಕೆ ಬೇಕು? ಯಂತ್ರ ಯಂತ್ರದ ಬಲದಿಂದ ಓಡಬೇಕು. ಉಜ್ಜಿ ಬರೀ ಪೈಪು ಓಡಿಸಿದೆ.

ಕೊಡಲಿಲ್ಲ. ಹೀಟರು ಮುಕ್ಕಾಲು ದಾಟಿ ನಿಂತಿತು. ಗ್ಯಾಸು ನೋಡಿದೆ, ಸರಿ ಇದೆ. ವಯರು ನೋಡಿದೆ, ಸರಿ ಇದೆ. ಪೈಪಿನ ಸ್ಟ್ಯಾಂಡಿಗೆ ಒದ್ದೆ. ಕಾಲು ನೋಯಿತು.

ಡೆಮೊಗೆ ಒಂದು ವಾರ. ಸರ್ ಮೂಲೆಯಲ್ಲಿ ಕೂತು ನೋಡಿದರು. ಚಹಾ ತಣ್ಣಗಾಯಿತು, ಹಾಗೇ ಬಿಟ್ಟು ಹೋದರು.

ನವೆಂಬರ್ 25, ಮಂಗಳವಾರ

ಬೆಳಿಗ್ಗೆ ನಾಚಿಕೆ ಬಿಟ್ಟು ವಿಭೂತಿ ಹಚ್ಚಿದೆ. ಹಣೆಗೆ, ಮೂರು ಬೆರಳು, ಅವರು ಹಚ್ಚುವ ಹಾಗೆಯೇ. ಸ್ವಿಚ್ ಹಾಕಿದೆ. ನಾನೂರು ಬಂತು. ಮುಳ್ಳು ಅರ್ಧಕ್ಕೂ ಕೆಳಗೆ.

ಕೂಗಿದೆ. ಶೆಡ್ಡಿನಲ್ಲಿ ಯಾರೂ ಇಲ್ಲ, ಒಬ್ಬಳೇ ಕುಣಿದೆ. ಆಮೇಲೆ ಭಯವಾಯಿತು. ದೇವರ ಭಯ. ನಿನ್ನೆ ಹಚ್ಚದೆ ತಪ್ಪು ಮಾಡಿದೆನೇನೋ ಅಂತ. ನನಗೆ ಹೀಗೆಲ್ಲ ಆಗಲ್ಲ...

ಮಧ್ಯಾಹ್ನ ಫ್ಯಾನಿನ ವಯರು ಬಿಟ್ಟುಕೊಂಡಿತ್ತು. ಸೋಲ್ಡರ್ ಹಾಕಲು ಕೂತೆ. ಸೋಲ್ಡರ್ ತಂತಿಯ ಸುರುಳಿ ಕೈಯಿಂದ ಜಾರಿ ಪೈಪಿನ ಮೇಲೆ ಬಿತ್ತು. ಹೋಯಿತು, ಕರಗಿ ಅಂಟಿತು, ಮತ್ತೆ ಉಜ್ಜಬೇಕು ಅಂದುಕೊಂಡೆ.

ಕರಗಲಿಲ್ಲ.

ಪ್ಯಾನಲ್ಲಿನಲ್ಲಿ ನಾನೂರು. ಸೋಲ್ಡರ್ ಇನ್ನೂರರ ಒಳಗೇ ನೀರಾಗುತ್ತೆ. ಇಕ್ಕಳದಿಂದ ಹಿಡಿದು ಒತ್ತಿದೆ. ಒತ್ತಿಯೇ ಇದ್ದೆ. ತಂತಿ ಬಾಗಿತು ಅಷ್ಟೆ. ಹಣೆಯ ಹತ್ತಿರ ಒತ್ತಿದೆ, ದೂರ ಒತ್ತಿದೆ. ಇಲ್ಲ.

ಪೈಪು ನಾನೂರು ಇಲ್ಲ. ಇನ್ನೂರೂ ಇಲ್ಲ.

ಪ್ಯಾನಲ್ಲಿಗೆ ಕಾವು ಹೇಳುವುದು ಗೋಡೆಯ ಮೇಲಿನ ಕಣ್ಣು. ಒಳಗೆ ಅಳೆಯುವ ತಂತಿ ದಸರೆಯಲ್ಲಿ ಸುಟ್ಟುಹೋಯಿತು. ಹೊಸದು ಬರುವವರೆಗೆ ಇರಲಿ ಅಂತ ಸರ್ ಈ ಸೆನ್ಸರ್ ಹಾಕಿದರು. ಮುಟ್ಟದೆ ದೂರದಿಂದ ನೋಡಿ ಬಿಸಿ ಹೇಳುತ್ತೆ. ನೋಡುವುದು ಎಲ್ಲಿಗೆ? ಸೀದಾ ಹಣೆಗೆ.

ಮುಳ್ಳು ಇಳಿಯತೊಡಗಿದ್ದು ಕಾರ್ತಿಕ ಹತ್ತಿದ ಮೇಲೆ ಅಲ್ಲ. ಈ ಕಣ್ಣು ಬಂದ ಮೇಲೆ.

ಒದ್ದೆ ಬಟ್ಟೆ ತೆಗೆದುಕೊಂಡೆ. ಒರೆಸಲಿಲ್ಲ. ಒರೆಸಿದರೆ ಗೊತ್ತಾಗಿಬಿಡುತ್ತೆ. ನಿಜ ಆಗಲಿ ಅಂತ ನಾನೂ ಕಾದಿದ್ದೆನಲ್ಲ. ಬಟ್ಟೆ ಹಿಡಿದು ನಿಂತೇ ಇದ್ದೆ, ಯಾರೋ ಫೋಟೋ ತೆಗೆಯುತ್ತಾರೆ ಅನ್ನೋ ಹಾಗೆ. ಕೊನೆಗೆ ಬಟ್ಟೆ ನೆಲಕ್ಕೆ ಬಡಿದು, ಸ್ವಿಚ್ ಆರಿಸಿ, ಬಸ್ಸು ಹತ್ತಿದೆ.

ನವೆಂಬರ್ 26, ಬುಧವಾರ

ಸರ್ ಬಂದ ತಕ್ಷಣ ಸೋಲ್ಡರ್ ತಂತಿ ಮುಂದೆ ಹಿಡಿದೆ. ಹೇಳಲು ಬಾಯಿ ತೆಗೆದೆ. ಅವರೇ ಅಂದರು —

‘ಗೊತ್ತೈತೆ. ಸೋಮವಾರ ಗೊತ್ತಾತು.’

ಕೂರಿಸಿ ಹೇಳಿದರು. ಒಂದೇ ಕಾವಿನಲ್ಲಿದ್ದರೂ ಹೊಳೆಯುವ ಸ್ಟೀಲು ಬಿಸಿಯನ್ನು ಹೊರಗೆ ಕಡಿಮೆ ತೋರಿಸುತ್ತೆ, ಬೂದಿ ಜಾಸ್ತಿ ತೋರಿಸುತ್ತೆ. ಕಣ್ಣನ್ನು ಸ್ಟೀಲಿಗೆ ಹೊಂದಿಸಿದ್ದರು. ಬೂದಿ ಕಂಡರೆ ಅದು ಬಹಳ ಬಿಸಿ ಅಂದುಕೊಳ್ಳುತ್ತೆ. ಪ್ಯಾನಲ್ ಅದನ್ನು ನಂಬಿ ಹೀಟರ್ ಇಳಿಸುತ್ತೆ. ವಾರ ಪೂರ್ತಿ ಬೂದಿ ಉದುರುತ್ತಾ ಹೋದ ಹಾಗೆ ಮುಳ್ಳು ಮೇಲೇರುತ್ತೆ. ನಿಕಲ್ ದಣಿದದ್ದಲ್ಲ. ಅಮ್ಮನ ವಿಭೂತಿ ಉದುರಿದ್ದು.

ಹಾಗಾದರೆ ಸಾಹುಕಾರರಿಗೆ ಫೋನ್ ಮಾಡಿ ಅಂದೆ.

ಮಾಡಲ್ಲವಂತೆ. ಡೆಮೊ ಒಂದು ಆಗಿಹೋಗಲಿ. ದುಡ್ಡು ಬಂದು ಶೆಡ್ಡು ಉಳಿಯುತ್ತೆ. ಆಮೇಲೆ ಹೊಸ ತಂತಿ ಬರುತ್ತೆ, ಸರಿಯಾಗಿ ಮಾಡೋಣ. ‘ಒಳಗ ಏನೋ ಐತೆ ಚೌಡೇಶ್ವರಿ. ಹೋದ ವರ್ಷ ಒಳಗಿನ ತಂತಿ ಇದ್ದಾಗ್ಲೇ ಒಂದ್ಸಲ ಕಂಡಿದೀನಿ. ಸುಳ್ಳಲ್ಲ ಅದು.’ ಕಣ್ಣಲ್ಲಿ ನೀರಿತ್ತು. ಅದು ನನಗೆ ಇನ್ನೂ ಸಿಟ್ಟು ತರಿಸಿತು.

ಡೆಮೊ ಏಳುನೂರಕ್ಕಲ್ಲವಾ, ವಿಭೂತಿ ನಡುವೆ ಉದುರಿದರೆ ಅಂದೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅವರೇ ಒಂದು ಚಕ್ರ ಬರೆದರು. ಬೂದಿ ಉದುರಿದರೆ ಕಣ್ಣಿಗೆ ಪೈಪು ತಣ್ಣಗಾದ ಹಾಗೆ ಕಾಣುತ್ತೆ. ಪ್ಯಾನಲ್ ಹೀಟರ್ ಏರಿಸುತ್ತೆ. ಪೈಪು ಕಾಯುತ್ತೆ. ಕಾದರೆ ಇನ್ನಷ್ಟು ಬೂದಿ ಉದುರುತ್ತೆ. ಮತ್ತೆ ಏರಿಸುತ್ತೆ. ಪೂರ್ತಿ ಉದುರಿದ ಹೊತ್ತಿಗೆ ಪೈಪು ನಿಜವಾಗಿಯೂ ಏಳುನೂರು. ಗಟ್ಟಿ ಸೀಲು ಇನ್ನೂ ಬಂದಿಲ್ಲ, ಈಗ ತುದಿಯಲ್ಲಿರುವವು ಐನೂರಕ್ಕಿಂತ ಮೇಲೆ ತಡೆಯಲ್ಲ. ಒಳಗೆ ಹೈಡ್ರೋಜನ್. ಬರೆದು ಮುಗಿಸಿ ತಾವೇ ಆ ಚಕ್ರ ನೋಡುತ್ತಾ ನಿಂತರು. ಅಷ್ಟರೊಳಗೆ ನಾನು ಕೈಯಿಂದ ಕಟ್ ಮಾಡುತ್ತೇನೆ ಅಂದರು.

‘ಮಿಲ್ಲಿನಾಗ ಯಾರು ಕಟ್ ಮಾಡ್ತಾರ ಸರ್? ಭತ್ತ ತಿರುವೋ ನಮ್ಮವ್ವನಾ?’

ಅಷ್ಟೊತ್ತಿಗೆ ಹೊಸ ತಂತಿ ಹಾಕಿರುತ್ತೇವೆ ಅಂದರು. ಹಾಕಿರುತ್ತೇವೆ ಅನ್ನುವಾಗ ನನ್ನ ಮುಖ ನೋಡಲಿಲ್ಲ. ಮೇಜಿನ ಮೇಲೆ ಬೋರ್ಡ್ ಬಂದಿತ್ತು. ನೀಲಿ ಬಣ್ಣ, ಬಿಳಿ ಅಕ್ಷರ. ನನ್ನ ಹೆಸರು.

ಓದಿದೆ. ಒಂದಲ್ಲ, ಸುಮಾರು ಸಲ. ಥೂ.

ನವೆಂಬರ್ 30, ಭಾನುವಾರ

ಮೂರು ದಿನ ಕೆಲಸಕ್ಕೆ ಹೋಗಲಿಲ್ಲ. ಅವ್ವ ಜ್ವರವೇನೇ ಅಂದಳು. ಹೌದು ಅಂದೆ.

ಇವತ್ತು ಪಿ.ಜೆ. ಬಡಾವಣೆಗೆ ಹೋದೆ. ಕಸ್ತೂರಮ್ಮ ಉಕ್ಕಡಗಾತ್ರಿಯಿಂದ ಬಂದಿದ್ದಾರೆ. ಪ್ರಸಾದ ಕೊಟ್ಟರು. ಉಪ್ಪಿಟ್ಟು ಹಾಕಿದರು. ತಿನ್ನುತ್ತಲೇ ಹೇಳಿದೆ. ಮಗ ಮುಚ್ಚಿಟ್ಟ ವಿಷಯ ಮಾತ್ರ ಬಾಯಿಗೆ ಬರಲಿಲ್ಲ. ಬಾಕಿ ಎಲ್ಲ ಹೇಳಿದೆ. ವಿಭೂತಿ ಇದ್ದರೆ ಮುಳ್ಳು ಇಳಿಯುತ್ತೆ, ಇಲ್ಲದಿದ್ದರೆ ಇಳಿಯಲ್ಲ, ಒಳಗೆ ಏನೂ ಆಗುತ್ತಿಲ್ಲ ಅಂತ.

ಮುಖ ಅರಳಿತು. ‘ನಾ ಹೇಳಲಿಲ್ಲೇನೇ? ನೀವಿಬ್ರೂ ಹಲ್ಲು ಕಿಸಿದ್ರಿ. ಈಗ ಯಾರ್ದು ಖರೆ?’

ಅಮ್ಮಾರೆ ಹಂಗಲ್ಲ ಅಂದೆ. ಕಣ್ಣಿನ ವಿಷಯ, ಸ್ಟೀಲಿನ ವಿಷಯ, ಎಲ್ಲ ಮತ್ತೆ ಹೇಳಿದೆ. ತಲೆ ಆಡಿಸುತ್ತಾ ಕೇಳಿದರು. ಕೇಳಿಯಾದ ಮೇಲೆ, ನಾಳೆ ಎರಡು ಪಟ್ಟು ಹಚ್ಚುತ್ತೇನೆ ಬಿಡು, ಅಜ್ಜಯ್ಯನ ಭಸ್ಮವನ್ನೂ ಸೇರಿಸುತ್ತೇನೆ ಅಂದರು. ತಟ್ಟೆ ಕೆಳಗಿಟ್ಟು ಎದ್ದೆ.

ಬರುವಾಗ ದಾರಿಯಲ್ಲಿ ನಗು ಬಂತು. ಇಡೀ ಶೆಡ್ಡಿನಲ್ಲಿ ಸರಿಯಾಗಿ ಹೇಳಿದ್ದು ಅವರೊಬ್ಬರೇ. ಅವರ ವಿಭೂತಿಯೇ ಓಡಿಸುತ್ತಿತ್ತು.

ನಾಳೆ ಹೋಗುತ್ತೇನೆ. ಸುಮ್ಮನಿದ್ದರೆ ಬೋರ್ಡ್ ಗೋಡೆಗೆ. ಬಾಯಿಬಿಟ್ಟರೆ ಮತ್ತೆ ಬಸ್ಸಿನಲ್ಲಿ ಮಾಸ್ತರ್ ಸಿಗುತ್ತಾರೆ, ಈಗೇನು ಮಾಡ್ತೀಯಮ್ಮ ಅಂತಾರೆ. ಅನ್ನಲಿ.

ಡಿಸೆಂಬರ್ 1, ಸೋಮವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೋರ್ಡ್ ಆಗಲೇ ಗೋಡೆಯಲ್ಲಿತ್ತು. ಶಿವಯೋಗಪ್ಪನವರಿಗೆ ಕುರ್ಚಿ, ಮೇಲೆ ಬಿಳಿ ಟವೆಲ್. ಕಸ್ತೂರಮ್ಮ ಹಣೆ ಕಾಣದ ಹಾಗೆ ಹಚ್ಚಿದರು. ಗೋಡೆಗೆ ಸುಣ್ಣ ಬಳಿದ ಹಾಗೆ. ಆಮೇಲೆ ಆರತಿ ತಟ್ಟೆ ಹಿಡಿದು ಪೈಪಿನ ಪಕ್ಕವೇ ನಿಂತರು. ದೂರ ಬರ್ರಿ ಅಂದರೆ ಬರಲಿಲ್ಲ.

ಏಳುನೂರು ಇಡು ಅಂದರು ಸರ್. ಇಟ್ಟೆ. ಆಟೋ ಮೋಡ್. ಅಂಕಿ ಏರಿತು. ಇನ್ನೂರು. ಮುನ್ನೂರು. ಮುಳ್ಳು ಕೆಳಗೇ ಇತ್ತು. ಸಾಹುಕಾರರು ‘ಬಾಳ ಚೊಲೋ’ ಅಂದರು. ನಾನೂರು ಆಗುವಾಗ ವಿಭೂತಿಯಲ್ಲಿ ಒಂದು ಗೆರೆ ಸೀಳಿತು. ಕೂದಲಷ್ಟು. ನನಗೆ ಕಂಡಿತು. ಸರ್‌ಗೂ ಕಂಡಿತು. ಅವರ ಕೈ ಸ್ವಿಚ್ಚಿನ ಕಡೆ ಹೋಯಿತು, ನಿಂತಿತು, ಜೇಬಿಗೆ ವಾಪಸ್ ಹೋಯಿತು.

ಅಷ್ಟೇ ನೋಡಿದ್ದು. ಆಟೋ ತೆಗೆದೆ. ಹೀಟರ್ ಕೈಗೆ ತಗೊಂಡು ಅಲ್ಲೇ ಹಿಡಿದೆ.

ಆಟೋಗೆ ಹಾಕು ಅಂದರು, ಮೆಲ್ಲಗೆ.

‘ಹಾಕಲ್ಲ.’

‘ಚೌಡೇಶ್ವರಿ...’

‘ಹಾಕಲ್ಲ ಸರ್.’

ಜೇಬಿನಿಂದ ಸೋಲ್ಡರ್ ತಂತಿ ತೆಗೆದೆ. ಸಾಹುಕಾರರಿಗೆ ಹೇಳಿದೆ — ಪ್ಯಾನಲ್ ನಾನೂರು ಅಂತಿದೆ, ಇದು ಇನ್ನೂರರ ಒಳಗೆ ಕರಗುತ್ತೆ, ರೇಡಿಯೋ ರಿಪೇರಿ ಮಾಡುವ ಯಾರನ್ನಾದರೂ ಕೇಳಿ. ಇಕ್ಕಳದಿಂದ ಪೈಪಿಗೆ ಒತ್ತಿದೆ. ಕರಗಲಿಲ್ಲ. ಅವರು ಬಗ್ಗಿ ನೋಡಿದರು. ಪಂಚೆ ಪೈಪಿನ ಸ್ಟ್ಯಾಂಡಿಗೆ ತಾಗಿತು, ಗಮನಿಸಲಿಲ್ಲ.

‘ಇದೇನ್ ವೀರೇಶಾ?’ ಅಂದರು.

ನಾನು ಸರ್ ಕಡೆ ತಿರುಗಿದೆ. ಒದ್ದೆ ಬಟ್ಟೆ ಇಟ್ಟಿದ್ದೆ ಮೇಜಿನ ಮೇಲೆ. ‘ನೀವ್ ಒರೆಸ್ತೀರೋ, ನಾನ್ ಒರೆಸ್ಲೋ?’ ಅಂದೆ.

ಅವರೇ ತಗೊಂಡರು. ಒರೆಸಿದರು. ಚುಯ್ಯ್ ಅಂತ ಹಬೆ. ಬೆರಳು ಸುಟ್ಟಿತು, ಬಿಡಲಿಲ್ಲ, ಪೂರ್ತಿ ಒರೆಸಿದರು. ಪ್ಯಾನಲ್ಲಿನ ಅಂಕಿ ಬಿತ್ತು. ಇಳಿಯಲಿಲ್ಲ, ಬಿತ್ತು. ನಾನೂರು ಇದ್ದದ್ದು ನೂರಾ ಅರವತ್ತು ಚಿಲ್ಲರೆಗೆ.

ಕಸ್ತೂರಮ್ಮ ಅಂಕಿ ನೋಡಿದರು. ಬಟ್ಟೆ ನೋಡಿದರು. ಆಮೇಲೆ ಮಗನ ಮುಖ. ಅವರಿಗೆ ಅರ್ಥವಾಗಿದ್ದು ಅಂಕಿಯಿಂದ ಅಲ್ಲ, ಆ ಮುಖದಿಂದ.

‘ನಿನಗ ಗೊತ್ತಿತ್ತೇನೋ?’

ಸರ್ ತಲೆ ತಗ್ಗಿಸಿದರು.

‘ಗೊತ್ತಿದ್ದೂ ನನ್ನ ಕೈಲೇ ಹಚ್ಚಿಸಿದಿ.’

ಆರತಿ ತಟ್ಟೆ ಕೆಳಗಿಟ್ಟು ಕಾರಿನಲ್ಲಿ ಹೋಗಿ ಕೂತರು. ಶಿವಯೋಗಪ್ಪನವರು ಹೊರಡುವಾಗ ಯಾರ ಮಗಳಮ್ಮ ನೀನು ಅಂದರು. ಅಂಜಿನವ್ವನ ಮಗಳು, ನಿಮ್ಮ ಮಿಲ್ಲಿನಲ್ಲಿ ಭತ್ತ ತಿರುವುತ್ತಾಳೆ ಅಂದೆ. ಹೂಂ ಅಂದರು. ಆ ಹೂಂ ಏನು ಅಂತ ಗೊತ್ತಾಗಲಿಲ್ಲ.

ಗ್ಯಾಸು ಬಂದ್ ಮಾಡಿದೆ. ಹೀಟರ್ ಆರಿಸಿದೆ. ಬೋರ್ಡ್ ನಾನೇ ಇಳಿಸಿದೆ.

ಡಿಸೆಂಬರ್ 2

ಅವ್ವ ಬೈದಳು. ನನ್ನ ಕೆಲಸ ಹೋದರೆ ನಿನ್ನ ಪೈಪು ಅನ್ನ ಹಾಕುತ್ತಾ ಅಂದಳು. ಪೈಪು ಹಾಕಲ್ಲ. ನಾನು ಹಾಕುತ್ತೇನೆ. ಹಾಗಂದರೆ ಇನ್ನೂ ಬೈದಳು.

ಡಿಸೆಂಬರ್ 9, ಮಂಗಳವಾರ

ಅವ್ವನ ಕೆಲಸ ಹೋಗಿಲ್ಲ. ನಿನ್ನ ಮಗಳು ಬಾಳ ಜೋರು ಐತೆ ಅಂದರಂತೆ ಸಾಹುಕಾರರು. ಅಷ್ಟೇ.

ನನಗೇ ಕೆಲಸ ಇಲ್ಲ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೇಳಿದೆ, ಹುಡುಗಿಯರು ಬ್ಯಾಡ ಅಂದರು. ಇನ್ನೊಂದು ಕಡೆ ಎಸ್ಸೆಸ್ಸೆಲ್ಸಿ ಕಾರ್ಡ್ ಕೇಳಿದರು. ಮೋಟಾರು ಓದುತ್ತಾ ಕಾರ್ಡು ಅಂದೆ. ಹೊರಗೆ ಹಾಕಿದರು. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ತಿನ್ನುತ್ತಾ ಹರಿಹರದ ಬಸ್ಸುಗಳು ಹೋಗುವುದನ್ನು ನೋಡಿದೆ. ಆಗ ಅಂಕಿ ಬಿದ್ದದ್ದು ನೆನಪಾಯಿತು. ನೆನಪಾದಾಗಲೆಲ್ಲ ಸಂಕಟ. ಮತ್ತೆ ಹಾಗೇ ಆದರೆ ಮತ್ತೆ ಹಾಗೇ ಮಾಡುತ್ತೇನೆ. ಅದು ಬೇರೆ. ಸಂಕಟ ಬೇರೆ.

ಡಿಸೆಂಬರ್ 17, ಬುಧವಾರ

ಸರ್ ಫೋನ್ ಮಾಡಿದರು. ಧ್ವನಿ ಸಣ್ಣಗಿತ್ತು.

‘ತಂತಿ ಬಂದೈತೆ. ಬರ್ತೀಯಾ?’

ಬರುತ್ತೇನೆ, ಆದರೆ ಅಂದೆ. ಪೈಪಿಗೆ ಯಾರೂ ಏನೂ ಹಚ್ಚಬಾರದು. ಒಳಗಿನ ತಂತಿ ಒಂದಲ್ಲ, ಎರಡು ಹಾಕಬೇಕು. ಎರಡೂ ಒಂದೇ ಮಾತು ಹೇಳಿದರೆ ಮಾತ್ರ ನಂಬುವುದು. ಬೋರ್ಡ್ ಬ್ಯಾಡ. ಎಲ್ಲಕ್ಕೂ ಹೂಂ ಅಂದರು. ಎರಡು ತಂತಿ ಆಗಲೇ ತರಿಸಿದ್ದರಂತೆ. ಫೋನ್ ಇಟ್ಟ ಮೇಲೆ ಅವ್ವನ ಮುಂದೆ ಸುಮ್ಮನೆ ಮುಖ ಗಂಟು ಹಾಕಿಕೊಂಡು ಕೂತೆ.

ಡಿಸೆಂಬರ್ 22, ಸೋಮವಾರ, ಬೆಳಿಗ್ಗೆ

ಕಸ್ತೂರಮ್ಮ ಬಂದಿದ್ದರು. ಶೆಡ್ಡಿನ ಹೊಸ್ತಿಲಿಗೆ ವಿಭೂತಿ ಹಚ್ಚಿದರು, ಒಳಗೆ ಬರಲಿಲ್ಲ. ಮಗನ ಜೊತೆ ಮಾತಿಲ್ಲ. ನನ್ನನ್ನು ಕರೆದು ಹಣೆಗೆ ಹಚ್ಚಿ, ‘ನಿನ್ ಮ್ಯಾಲೆ ಹಚ್ಚಿದ್ರ ಯಾವ ಕಣ್ಣಿಗೂ ಮೋಸ ಆಗಲ್ಲಲ್ಲ?’ ಅಂದರು. ಆಗಲ್ಲ ಅಂದೆ.

ಬೋರ್ಡನ್ನು ಅಲುಗಾಡುವ ಮೇಜಿನ ಕಾಲಿಗೆ ಒತ್ತು ಕೊಟ್ಟಿದ್ದೇನೆ. ಈಗ ಬರೆಯಲು ಮೇಜು ಗಟ್ಟಿ ಇದೆ.

ಅದೇ ದಿನ, ಮಧ್ಯಾಹ್ನ

ನಾನೂರಕ್ಕೆ ಹೋಯಿತು. ಹೀಟರ್ ಮುಕ್ಕಾಲು ದಾಟಿ ಎಳೆಯಿತು. ನಿಜ ಅಂದರೆ ಇಷ್ಟು. ಸೋಲ್ಡರ್ ಮುಟ್ಟಿಸಿದೆ, ನೀರಾಯಿತು.

ಈಗ ಹೀಟರ್ ಆರಿಸಿದ್ದೇವೆ. ಪೈಪು ತನ್ನ ಪಾಡಿಗೆ ಇಳಿಯಬೇಕು. ಒಳಗೆ ಏನಾದರೂ ಇದ್ದರೆ ನಡುವೆ ತಡೆದು ನಿಧಾನಕ್ಕೆ ಇಳಿಯುತ್ತೆ, ಇಲ್ಲದಿದ್ದರೆ ಸುಮ್ಮನೆ ಇಳಿಯುತ್ತೆ. ಸರ್ ಬೆರಳಿಗೆ ಪಟ್ಟಿ ಕಟ್ಟಿಕೊಂಡು ಆ ಕಡೆ ಕೂತಿದ್ದಾರೆ. ನಾನು ಎರಡು ತಂತಿಯ ಅಂಕಿ ಓದಿ ಓದಿ ಬರೆಯುತ್ತಿದ್ದೇನೆ.

ಇಳಿಯುತ್ತಿದೆ. ಸುಮ್ಮನೆ ಇಳಿಯುತ್ತಿದೆ. ಇಳಿಯಲಿ. ಏನೂ ಇಲ್ಲ ಅಂತಾದರೆ ಏನೂ ಇಲ್ಲ ಅಂತಲೇ ಬರೆಯುತ್ತೇನೆ. ಕೆಟ್ಟ ಸುದ್ದಿ ಬರೆಯಲು ನನಗೇನು ಹೆದರಿಕೆ?

ಇನ್ನೂರ ಮೂವತ್ತು. ಇನ್ನೂರ ಹದಿನೆಂಟು. ಇನ್ನೂರ ಒಂಬತ್ತು.

ಇನ್ನೂರ ಒಂಬತ್ತು.

ಇನ್ನೂರ ಒಂಬತ್ತು. ಎರಡೂ ತಂತಿ. ಹೀಟರ್ ಆರಿಯೇ ಇದೆ, ಇಳಿಯುವುದು ನಿಂತಿದೆ.

ಸರ್ ಎದ್ದು ನಿಂತರು. ಕೂತ್ಕೊಳ್ರಿ ಅಂದೆ. ಯಾವುದೋ ಸ್ಕ್ರೂ ಸಡಿಲ ಇರಬೇಕು. ಮೊದಲು ಅದನ್ನು ನೋಡಿ ಬರುತ್ತೇನೆ.